ನಿಂತ ಜಾಗ ಬಿಡಬ್ಯಾಡ

ನಲವತ್ತನಾಲ್ಕು ವರ್ಷದ, ಸರ್ಕಾರಿ ನೌಕರಿ ಮಾಡುವ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವ ಹೆಂಗಸೊಬ್ಬಳು ಮಕ್ಕಳ ಕಾರ್ಟೂನಿಗೆ ಮರುಳಾದಳು ಎಂದರೆ ನಗುವವರು ನಗಲಿ. ಕೊಪ್ಪಳದ ನನ್ನ ಕಚೇರಿಯಲ್ಲಿ ಈಗಾಗಲೇ ಸಾಕಷ್ಟು ನಕ್ಕಿದ್ದಾರೆ. ನಾನು ಆವಕ-ಜಾವಕ ಶಾಖೆಯವಳು. ಬಂದ ಪತ್ರಕ್ಕೆ ಮುದ್ರೆ ಒತ್ತಿ ಒಳಗೆ ತೆಗೆದುಕೊಳ್ಳುವುದು, ಹೋಗುವ ಪತ್ರವನ್ನು ಹೊರಗೆ ಕಳಿಸುವುದು ನನ್ನ ಕೆಲಸ. ಮುದ್ರೆ ಬೀಳದ ಪತ್ರ ನನ್ನ ಪಾಲಿಗೆ ಬಂದೇ ಇಲ್ಲ. ಹದಿನೆಂಟು ವರ್ಷ ಇದೇ ಕೆಲಸ ಮಾಡಿ ನನ್ನ ಸ್ವಭಾವವೂ ಹಾಗೇ ಆಗಿದೆ ಎಂದು ಮನೆಯವರು ಹೇಳುತ್ತಾರೆ. ಹುಟ್ಟುಗುಣ ಸುಟ್ಟರೂ ಹೋಗದು. ಕೆಲಸಕ್ಕೆ ಸೇರುವ ಮೊದಲೂ ನಾನು ಹೀಗೇ ಇದ್ದೆ.

ಆ ದಿನ ಭಾನುವಾರ. ಪಂಚಮಿ ಹಬ್ಬಕ್ಕೆ ಇನ್ನೂ ಮೂರು ವಾರವಿತ್ತು. ಹಬ್ಬದ ಉಂಡಿ ಕಟ್ಟಲು ಬೇಕೆಂದು ನಾನು, ಅತ್ತೆ ಇಬ್ಬರೂ ಮೊರ ಮುಂದಿಟ್ಟುಕೊಂಡು ಶೇಂಗಾ ಸುಲಿಯುತ್ತಾ ಕೂತಿದ್ದೆವು. ನಮ್ಮವರಿಗೆ ಗಂಗಾವತಿಯಲ್ಲಿ ಕೆಲಸ, ಮನೆಗೆ ಬರುವುದು ಅಪರೂಪ, ಹಾಗಾಗಿ ಈ ಕಥೆಯಲ್ಲಿ ಅವರಿಲ್ಲ. ಎಂಟನೆಯ ಇಯತ್ತೆಯ ಮಗಳು ಟಿ.ವಿ.ಗೆ ನೆಟ್ ಹಚ್ಚಿ ಏನನ್ನೋ ಹುಡುಕುತ್ತಿದ್ದಳು.

“ಮಮ್ಮಿ, ಇದನ್ನ ನೋಡು. ಭಾಳ ಹೆದರಿಕಿ ಬರ್ತೈತಿ, ಆದ್ರ ಛಲೋ ಐತಿ” ಎಂದಳು.

“ಹೆದರಿಕಿ ಬರೋದು ಛಲೋ ಹೆಂಗ ಆಕ್ಕೈತಿ?” ಎಂದೆ ನಾನು. ಕೈ ಶೇಂಗಾದ ಮೇಲಿತ್ತು, ಕಣ್ಣು ಆಗಲೇ ಅತ್ತ ಹೋಗಿತ್ತು.

ಕಥೆ ಇಷ್ಟು. ಒಬ್ಬ ಅಕ್ಕ, ಒಬ್ಬ ತಮ್ಮ. ರೈಲಿನಲ್ಲಿ ಹೋಗುವಾಗ ತಮ್ಮನ ಗಾಳಿಪಟ ಕಿಟಕಿಯಿಂದ ಹಾರಿಹೋಗುತ್ತದೆ. ಅದನ್ನು ಹಿಡಿಯಲು ಇಬ್ಬರೂ ಹೆಸರಿನ ಫಲಕವಿಲ್ಲದ ಒಂದು ನಿಲ್ದಾಣದಲ್ಲಿ ಇಳಿಯುತ್ತಾರೆ. ರೈಲು ಹೊರಟೇಹೋಗುತ್ತದೆ. ಅವರು ಇಳಿದ ಸೀಮೆಯಲ್ಲಿ ಯಾವಾಗಲೂ ಸಂಜೆ. ಹೊತ್ತು ಮುಳುಗುವುದೂ ಇಲ್ಲ, ಮೂಡುವುದೂ ಇಲ್ಲ. ಮನೆಗೆ ಹೋಗುವ ದಾರಿ ಕೇಳುತ್ತಾ ಆ ಮಕ್ಕಳು ಊರಿಂದ ಊರಿಗೆ ನಡೆಯುತ್ತಾರೆ. ಒಂದು ಊರಿನ ಮನೆಗಳಿಗೆ ಬಾಗಿಲೇ ಇಲ್ಲ, ಬರೀ ಕಿಟಕಿ. ಒಳಗಿನವರು ನಗುನಗುತ್ತಾ ಊಟಕ್ಕೆ ಕರೆಯುತ್ತಾರೆ, ಒಳಗೆ ಹೋಗುವುದು ಹೇಗೆಂದು ಯಾರೂ ಹೇಳುವುದಿಲ್ಲ. ಇನ್ನೊಂದು ಕಡೆ ಹೊಲದ ಬೆದರುಬೊಂಬೆಗಳು ಕೆಲಸ ಮುಗಿಸಿ ಕಟ್ಟೆಯ ಮೇಲೆ ಬಂದು ಕೂತು ಸುಖದುಃಖ ಮಾತಾಡುತ್ತವೆ. ಎಂಟು ಕಂತು, ಒಂದೊಂದೂ ಕಾಲು ತಾಸು. ಮಾತೆಲ್ಲ ಇಂಗ್ಲಿಷು. ಮಗಳು ಅದನ್ನು ಅಜ್ಜಿಗಾಗಿ ನಮ್ಮ ಮಾತಿಗೆ ತಿರುಗಿಸಿ ಹೇಳುತ್ತಿದ್ದಳು. ಹಾಗಾಗಿ ನಮ್ಮ ಮನೆಯಲ್ಲಿ ಆ ಪರದೇಶದ ಬೊಂಬೆಗಳೆಲ್ಲ “ಬರ್ರೀ, ಕುಂದರ್ರೀ, ಚಾ ಕುಡೀರಿ” ಎಂದೇ ಮಾತಾಡಿದವು.

ಮೊದಲನೆಯ ಕಂತಿನಲ್ಲೇ ಒಂದು ಬೆದರುಬೊಂಬೆ, ಅಕ್ಕನ ಕೈ ತಪ್ಪಿ ಬಂದ ಆ ಪುಟ್ಟ ಹುಡುಗನನ್ನು ಕೇಳುತ್ತದೆ: ಏನಪ್ಪಾ, ದಾರಿ ತಪ್ಪಿದೆಯಾ? ಹುಡುಗನ ಕೆನ್ನೆಯ ಮೇಲೆ ಕಣ್ಣೀರು ಇನ್ನೂ ಆರಿಲ್ಲ. ಆದರೂ ಎದೆ ಸೆಟೆಸಿ ಹೇಳುತ್ತಾನೆ. ಮಗಳು ಅದನ್ನು ಹೀಗೆ ತಿರುಗಿಸಿದಳು: “ನಾ ಕಳದಿಲ್ಲ. ನಮ್ಮ ಅಕ್ಕ ಕಳದಾಳ. ನಾ ಅಕೀನ್ನ ಹುಡಕಾಕ ಹತ್ತೀನಿ.”

ನಾನು ನಗಲು ಶುರು ಮಾಡಿದವಳು ನಿಲ್ಲಿಸಲಿಲ್ಲ. ಮೊರ ಮಗುಚಿತು, ಶೇಂಗಾ ಮಂಚದ ಕೆಳಗೆಲ್ಲ ಉರುಳಿತು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಅತ್ತೆ ಗಾಬರಿಯಾಗಿ ನೀರಿನ ತಂಬಿಗೆ ತಂದರು. “ಏನಾತವಾ? ಗಾಳಿ ಬಡೀತೇನು?” ಎಂದರು. ಗಾಳಿ ಬಡಿದಿರಲಿಲ್ಲ. ಆ ಹುಡುಗ ನನ್ನ ಅಣ್ಣನಾಗಿದ್ದ.

ನನಗೆ ಆಗ ಆರು ವರ್ಷ, ಅಣ್ಣನಿಗೆ ಒಂಬತ್ತು. ಹುಣ್ಣಿಮೆಗೆ ನಾವೆಲ್ಲ ಟ್ರ್ಯಾಕ್ಟರಿನಲ್ಲಿ ಹುಲಿಗಿಯ ಅಮ್ಮನ ಗುಡಿಗೆ ಹೋಗಿದ್ದೆವು. ಅವ್ವ ಹೊಳೆಯ ದಂಡೆಯಲ್ಲಿ ಮೂರು ಕಲ್ಲು ಹೂಡಿ ಅಡುಗೆಗೆ ಕೂತಳು. ಜನ ಇರುವೆಯ ಹಾಗೆ ಸೇರಿದ್ದರು. ಅಪ್ಪ ನಮ್ಮಿಬ್ಬರನ್ನೂ ಮುಂದೆ ನಿಲ್ಲಿಸಿಕೊಂಡು ಒಂದೇ ಮಾತು ಹೇಳಿದ್ದ: “ಕಳದ್ರ ನಿಂತ ಜಾಗ ಬಿಡಬ್ಯಾಡ್ರಿ. ನಾವ ಬಂದು ಹುಡಕ್ತೀವಿ.” ಬಳೆ ಅಂಗಡಿಯ ಮುಂದೆ ನಾನು ನಿಂತೆ. ಅಣ್ಣ ಗಿರಗಿಟ್ಲೆ ಮಾರುವವನ ಹಿಂದೆ ಹೋದ. ತಿರುಗಿ ನೋಡಿದರೆ ಅಣ್ಣ ಇಲ್ಲ. ನಾನು ಅಳಲಿಲ್ಲ. ಅಪ್ಪ ಹೇಳಿದ ಹಾಗೆ ನಿಂತಲ್ಲೇ ನಿಂತೆ. ಬಳೆ ಅಂಗಡಿಯ ಅಜ್ಜಿ ಕೊಟ್ಟ ಮಂಡಕ್ಕಿ ಮುಕ್ಕುತ್ತಾ, ಬಣ್ಣದ ಬಳೆ ಎಣಿಸುತ್ತಾ ಸುಖವಾಗಿದ್ದೆ.

ಅಷ್ಟರಲ್ಲಿ ಗುಡಿಯ ಮೈಕಿನಲ್ಲಿ ಕೂಗಿದರು. ಕೆಂಪು ಲಂಗದ ಆರು ವರ್ಷದ ಹುಡುಗಿ ಕಳೆದಿದ್ದಾಳೆ, ಅವಳ ಅಣ್ಣ ನಮ್ಮ ಹತ್ತಿರ ಇದ್ದಾನೆ, ಮನೆಯವರು ಬರಬೇಕು ಎಂದು. ದಾರಿ ತಪ್ಪಿ ಗುಡಿಯ ಹಿಂದೆ ಹೋಗಿ, ಗೋಳೋ ಎಂದು ಅಳುತ್ತಿದ್ದ ನನ್ನ ಅಣ್ಣನನ್ನು ಯಾರೋ ಪುಣ್ಯಾತ್ಮರು ಎತ್ತಿಕೊಂಡು ಮೈಕಿನವರ ಮುಂದೆ ನಿಲ್ಲಿಸಿದ್ದರು. ಅಲ್ಲಿ ಅವನು ಕಣ್ಣೊರೆಸಿಕೊಂಡು, ಕಳೆದವಳು ತಂಗಿ ಎಂದು ವರದಿ ಕೊಟ್ಟಿದ್ದ! ಅಪ್ಪ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ. ಬಳೆ ಅಂಗಡಿಯ ಮುಂದೆ ನನ್ನನ್ನು ಕಂಡವನೇ ಅಪ್ಪ, ಹೊಳೆಯ ದಂಡೆಯಲ್ಲಿದ್ದ ಅವ್ವನಿಗೆ ಕೇಳುವ ಹಾಗೆ ಕೂಗಿದ: “ಸಿಕ್ಕಾಳ! ಸಿಕ್ಕಾಳ!”

ಅಂದಿನಿಂದ ನಮ್ಮ ಮನೆಯಲ್ಲಿ ಇದು ಮುಗಿಯದ ದಾವೆ. ಅಣ್ಣನ ಪ್ರಕಾರ ಕಳೆದವಳು ನಾನು, ಹುಡುಕಿಸಿದವನು ಅವನು. ನನ್ನ ಪ್ರಕಾರ ನಾನು ನಿಂತ ಜಾಗದಿಂದ ಒಂದು ಹೆಜ್ಜೆ ಕದಲಿಲ್ಲ. ಮದುವೆಯಲ್ಲಿ, ಬಸುರಿಗೆ ಮಾಡುವ ಕುಪ್ಪಸದ ಕಾರ್ಯದಲ್ಲಿ, ನಾಮಕರಣದಲ್ಲಿ ನೂರು ಜನರ ಮುಂದೆ ವಾದ ಮಾಡಿದ್ದೇವೆ. ಅವನದು ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಈಗ ನಮ್ಮ ಸಿಟ್ಟಿನ ಸಂಗತಿ ಹೇಳಬೇಕು. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಗಂಡನ ಮನೆಗೆ ಬಂದು, ಕರೆದುಕೊಂಡು ಹೋಗಬೇಕು. ಕರೆಯಲು ಬಾರದ ತವರಿಗೆ ತಾನಾಗಿ ಹೋಗುವುದೆಂದರೆ ಆಮಂತ್ರಣವಿಲ್ಲದ ಊಟದಲ್ಲಿ ಎಲೆ ಹಾಕಿಕೊಂಡು ಕೂತಂತೆ. ನಮ್ಮ ತವರು ಮಂಗಳೂರು, ಕಡಲ ಕಡೆಯದಲ್ಲ, ಯಲಬುರ್ಗಾ ಕಡೆಯದು. ಅಪ್ಪ-ಅವ್ವ ಈಗಿಲ್ಲ, ತವರು ಎಂದರೆ ಅಣ್ಣನೇ. ಪ್ರತಿ ವರ್ಷ ಮೊದಲನೆಯ ಬಸ್ಸಿಗೆ ಬುಟ್ಟಿ ಹೊತ್ತು ಬರುತ್ತಿದ್ದ. ಖಣ, ಸೀರೆ, ಮಗಳಿಗೆ ಕೊಬ್ಬರಿ ಬಟ್ಟಲು. ಬಂದವನು ಹೊಸ್ತಿಲಲ್ಲಿ ನಿಂತು “ನಡಿ ತಂಗೆವ್ವಾ” ಎನ್ನುತ್ತಿದ್ದ. ಅಷ್ಟೇ. ಆ ಎರಡು ಮಾತಿಗೆ ನಾನು ವರ್ಷವಿಡೀ ಕಾಯುತ್ತಿದ್ದೆ.

ಮೂರು ವರ್ಷದ ಹಿಂದೆ ಫೋನ್ ಮಾಡಿದ. “ಹೊಲದಾಗ ಎಡಿ ಹೊಡಿಯೋದೈತಿ ತಂಗೆವ್ವಾ. ನಿನ್ನ ಹತ್ರ ಸ್ಕೂಟಿ ಐತೆಲ್ಲ, ನೀನ ಬಂದುಬಿಡು” ಎಂದ. ಆವಕ-ಜಾವಕದವಳಿಗೆ ಹೇಳುವ ಮಾತೇ ಇದು? ನಾನು “ಹೂಂ” ಎಂದೆ. ಹೋಗಲಿಲ್ಲ. ಫೋನಿನ ಕರೆಗೆ ಮುದ್ರೆ ಬಿದ್ದಿರಲಿಲ್ಲ. ಅವನು “ಕರದ್ರೂ ಬರಲಿಲ್ಲ, ದೊಡ್ಡ ಸಾಹೇಬಳಾಗ್ಯಾಳ” ಎಂದು ಊರಲ್ಲಿ ಹೇಳಿಕೊಂಡ. ಮಾತು ಕುಕನೂರು ದಾಟಿ ನನ್ನ ಕಿವಿಗೆ ಬಂತು. ಮುಂದಿನ ವರ್ಷ ಅವನು ಬರಲಿಲ್ಲ, ನಾನು ಹೋಗಲಿಲ್ಲ. ಅದರ ಮುಂದಿನ ವರ್ಷವೂ ಅಷ್ಟೇ. ಎಲ್ಲಾದರೂ ಮದುವೆಯಲ್ಲಿ ಎದುರಾದರೆ ಮಳೆ ಹೇಗಿದೆ ಎಂದು ಕೇಳಿಕೊಳ್ಳುತ್ತಿದ್ದೆವು. ಒಡಹುಟ್ಟಿದವರು ಮಳೆಯ ಸುದ್ದಿ ಮಾತಾಡುವ ಸ್ಥಿತಿ ಬಂತಲ್ಲ ಎಂದು ಮನೆಗೆ ಬಂದು ಅಳುತ್ತಿದ್ದೆ. ಅತ್ತಿದ್ದೇನೆ, ಸುಳ್ಳೇಕೆ ಹೇಳಲಿ. ಈ ಪಂಚಮಿಗೂ ಅವನು ಬರದಿದ್ದರೆ ಇನ್ನು ಈ ಜನ್ಮಕ್ಕೆ ಇಷ್ಟೇ ಎಂದು ಒಳಗೊಳಗೇ ಹೆದರಿದ್ದೆ.

ಅಂಥ ಹೊತ್ತಿನಲ್ಲಿ ಆ ಪುಟ್ಟ ಹುಡುಗ ಟಿ.ವಿ.ಯಲ್ಲಿ ಬಂದು “ನಾ ಕಳದಿಲ್ಲ” ಎಂದರೆ ನಗದೆ ಏನು ಮಾಡಲಿ?

ಮುಂದಿನ ಎರಡು ಭಾನುವಾರ ನಮ್ಮ ಮನೆಯಲ್ಲಿ ಮಧ್ಯಾಹ್ನದ ನಿದ್ದೆ ರದ್ದಾಯಿತು. ದೀಪ ಹಚ್ಚುವ ಹೊತ್ತಿನಲ್ಲಿ ಇಂಥದ್ದು ನೋಡಬಾರದೆಂದು ಅತ್ತೆಯ ಕಟ್ಟಪ್ಪಣೆ. ಹಾಗಾಗಿ ಊಟವಾದ ಮೇಲೆ, ಹೊರಗೆ ಬಿಸಿಲು ಬೀಳುತ್ತಿರುವಾಗ, ಕಿಟಕಿಯ ಪರದೆ ಎಳೆದು ಕೂರುತ್ತಿದ್ದೆವು. ನಮ್ಮ ಕೊಪ್ಪಳದ ಬಿಸಿಲಿಗೆ ದೆವ್ವಕ್ಕೂ ನಿಲ್ಲಲು ನೆರಳು ಸಿಗುವುದಿಲ್ಲ. ಆದರೂ ಮೂರು ಗಂಟೆಯ ಉರಿಯಲ್ಲಿ ನನ್ನ ತೋಳಿನ ಕೂದಲು ನಿಮಿರುತ್ತಿದ್ದವು. ಬೆಲ್ಲ ಕುಟ್ಟುವ ಕೈ ಹಾಗೇ ನಿಲ್ಲುತ್ತಿತ್ತು.

ಅದರಲ್ಲಿ ಅಂಥದ್ದೇನಿತ್ತು ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ರಕ್ತವಿಲ್ಲ, ಕಿರುಚಾಟವಿಲ್ಲ, ಬಾಯಿ ತೆರೆದು ಮೈಮೇಲೆ ಬೀಳುವ ಪಿಶಾಚಿ ಇಲ್ಲ. ಒಂದು ಕಿಟಕಿ ತೆರೆಯುತ್ತದೆ. ಒಬ್ಬ ಮುದುಕಿ ಬಹಳ ಮರ್ಯಾದೆಯಿಂದ ‘ಬನ್ನಿ, ನಿಮಗೇ ಕಾಯುತ್ತಿದ್ದೆವು’ ಎನ್ನುತ್ತಾಳೆ. ಅಷ್ಟಕ್ಕೇ ಬೆನ್ನಲ್ಲಿ ಚಳಿ. ಬಣ್ಣವೆಲ್ಲ ಅರಿಶಿನ, ಕಾವಿ, ಹಳೆಯ ತಾಮ್ರ. ಹಿಂದೆ ಯಾರೋ ದೂರದಲ್ಲಿ ಪೀಪಿ ಊದಿದಂತೆ ಒಂದು ಸಣ್ಣ ಸಂಗೀತ. ಕಾಡಿನಲ್ಲಿ ಎಲೆ ಉದುರುತ್ತಲೇ ಇರುತ್ತವೆ. ನಮ್ಮ ಕಡೆ ಬೇವಿನ ಮರ ಬಿಟ್ಟರೆ ಅಷ್ಟು ಎಲೆ ಉದುರಿಸುವ ಗಿಡವನ್ನು ನಾನು ಕಂಡಿಲ್ಲ. ಎಲ್ಲವೂ ಅಪರಿಚಿತ, ಆದರೂ ಆ ಭಯ ನನಗೆ ಗುರುತಿನದು. ಚಿಕ್ಕವಳಿದ್ದಾಗ ಅವ್ವನ ಬಾಯಿಂದ ಕಥೆ ಕೇಳುವಾಗ ಅಣ್ಣನ ಅಂಗಿಯ ಚುಂಗು ಹಿಡಿದುಕೊಂಡು ಅನುಭವಿಸಿದ ಭಯ ಅದು. ಒಬ್ಬರೇ ಇದ್ದರೆ ಅದು ಬರೀ ಹೆದರಿಕೆ. ಹಿಡಿದುಕೊಳ್ಳಲು ಒಂದು ಚುಂಗು ಇದ್ದರೆ ಅದೇ ಹಬ್ಬ. ಆ ಮಕ್ಕಳೂ ಹಾಗೇ ಒಬ್ಬರ ತೋಳು ಒಬ್ಬರು ಹಿಡಿದುಕೊಂಡೇ ನಡೆಯುತ್ತಿದ್ದರು, ಅದಕ್ಕೇ ನನಗೆ ಅವರ ಸಂಗಡ ಎಲ್ಲಿಗೆ ಹೋಗಲೂ ಧೈರ್ಯವಿತ್ತು.

ಅತ್ತೆಗೆ ಮಾತ್ರ ಯಾವ ಭಯವೂ ಇಲ್ಲ. ಒಂದು ಬಾವಿಗೆ ಕೊಡ ಇಳಿಬಿಟ್ಟರೆ ನೀರಿನ ಬದಲು ಯಾರದೋ ಹಳೆಯ ಚಪ್ಪಲಿ ಬರುತ್ತದೆ. ನಾನು, ಮಗಳು ಉಸಿರು ಬಿಗಿಹಿಡಿದಿದ್ದೇವೆ. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ ಹೇಳುತ್ತಾರೆ: “ಅದರಾಗೇನು ಅಂಜೋದೈತಿ? ನಮ್ಮೂರ ಹಾಳಬಾವ್ಯಾಗೂ ಬರೇ ಚಪ್ಪಲಿನ ಬರ್ತಿದ್ವು. ಬಾವಿ ಬಳಸಬೇಕವಾ, ಬಿಟ್ರ ಹಂಗ.” ಬಾಗಿಲಿಲ್ಲದ ಮನೆಗಳನ್ನು ಕಂಡು ಅವರಿಗೆ ನಿಜವಾಗಿ ಸಿಟ್ಟು ಬಂತು. “ಊಟಕ್ಕ ಕರದು ಬಾಗಲಾ ಇಲ್ಲಂದ್ರ ಅವ್ರೆಂಥಾ ಮಂದಿ!” ಎಂದು ಆ ದಿನವೆಲ್ಲ ಗೊಣಗಿದರು.

ಆರನೆಯ ಕಂತಿನಲ್ಲಿ ಅಕ್ಕ-ತಮ್ಮ ಜಗಳವಾಡಿದರು. ದಾರಿ ತಪ್ಪಿದ್ದು ಯಾರಿಂದ ಎಂಬುದೇ ಜಗಳ. ಗಾಳಿಪಟ ನಿನ್ನದು ಎಂದು ಅವಳು, ರೈಲಿಳಿದವಳು ನೀನು ಎಂದು ಅವನು. ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ಏಳನೆಯದರಲ್ಲಿ ಒಂದು ದೊಡ್ಡ ಗೋಡೆ ಬರುತ್ತದೆ. ಆ ಕಡೆ ತಮ್ಮ, ಈ ಕಡೆ ಅಕ್ಕ. ತಮ್ಮ ಸಣ್ಣಗೆ ಗುನುಗುವುದು ಅಕ್ಕನಿಗೆ ಕೇಳುತ್ತದೆ. ಅಕ್ಕ ಮೂಗೊರೆಸಿಕೊಳ್ಳುವುದು ತಮ್ಮನಿಗೆ ಕೇಳುತ್ತದೆ. ಒಬ್ಬರೂ ಕೂಗುವುದಿಲ್ಲ. ಅವನು ಮೊದಲು ಕರೆಯಲಿ, ಅವಳು ಮೊದಲು ಕರೆಯಲಿ ಎಂದು ಇಬ್ಬರೂ ಗೋಡೆಗೆ ಬೆನ್ನು ಕೊಟ್ಟು ಕೂತುಬಿಡುತ್ತಾರೆ. ಅವರ ಮೇಲೆ ಎಲೆ ಉದುರಿ ಉದುರಿ ಮೊಣಕಾಲಿನವರೆಗೆ ಮುಚ್ಚುತ್ತವೆ.

“ಕರಿಯಲೇ ಹುಚ್ಚಿ! ಒಂದು ಸಲ ಕರದ್ರ ನಿನ್ನ ಗಂಟೇನ ಹೋಕ್ಕೈತಿ?” ಎಂದು ನಾನು ಟಿ.ವಿ.ಯ ಮೇಲೆ ರೇಗಿದೆ.

ಅತ್ತೆ ನನ್ನ ಕಡೆ ನೋಡಲೂ ಇಲ್ಲ. “ಕೂಸುಗಳು ಪಾಪ, ಸಣ್ಣವು. ತಿಳಿಯಂಗಿಲ್ಲ. ದೊಡ್ಡವರಾದ್ರ ಹಿಂಗ ಮಾಡತಿದ್ದಿಲ್ಲ” ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ. ಮಗಳು ಎಂಟನೆಯ ಕಂತು ಹಚ್ಚಲು ಹೋದಳು. ಬೇಡ ಎಂದೆ. ಅವರಿಬ್ಬರೂ ಕೂಡದೇ ಹೋದರೆ ನೋಡುವ ಶಕ್ತಿ ನನಗಿರಲಿಲ್ಲ. “ಹಬ್ಬ ಮುಗೀಲಿ, ನೋಡೂಣು” ಎಂದು ಎದ್ದು ಹೋಗಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ.

ಪಂಚಮಿಗೆ ಮೊದಲು ರೊಟ್ಟಿ ಹಬ್ಬ. ಆ ದಿನ ಓಣಿಯ ತುಂಬ ರೊಟ್ಟಿ-ಪಲ್ಯ ಹಂಚಿಕೊಳ್ಳುತ್ತೇವೆ. ಈ ಸಲ ಅದು ಭಾನುವಾರವೇ ಬಿತ್ತು. ಬೆಳಿಗ್ಗೆ ಎದ್ದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯುತ್ತಿದ್ದೆ. ಹತ್ತನೆಯ ರೊಟ್ಟಿಯೋ ಹನ್ನೊಂದನೆಯದೋ, ತಟ್ಟಿದ್ದನ್ನು ಹಂಚಿಗೆ ಹಾಕಿ ಕೈ ತೊಳೆದುಬಿಟ್ಟೆ.

“ಅತ್ತೀ, ಇದನ್ನ ತಿರುವಿ ಹಾಕ್ರಿ. ನಾ ಮಂಗಳೂರಿಗೆ ಹೋಗಿ ಬರ್ತೀನ್ರಿ.”

“ಕರಿಯಾಕ ಬರಲಾರದ?” ಎಂದರು ಅತ್ತೆ. ಬಾಯಿ ಹಾಗೆ ಅಂದರೂ ಕೈ ಆಗಲೇ ಡಬ್ಬಿಗೆ ಶೇಂಗಾ ಉಂಡಿ ತುಂಬುತ್ತಿತ್ತು.

ಸ್ಕೂಟಿ ಹತ್ತಿದೆ. ಮೋಡ ಮುಸುಕಿತ್ತು, ಎರೆಹೊಲದಲ್ಲಿ ಹೆಸರಿನ ಪೈರು ಹಸಿರಾಗಿ ನಿಂತಿತ್ತು. ಮೂರು ವರ್ಷ ಹೋಗದ ದಾರಿ. ಅಂಜಿಕೆಯೋ ಸಂತೋಷವೋ ತಿಳಿಯದೆ ಒಬ್ಬಳೇ ಗಟ್ಟಿಯಾಗಿ ಹಾಡಿಕೊಂಡು ಹೋದೆ. ಕೊಪ್ಪಳ ದಾಟಿದ ಸ್ವಲ್ಪ ಹೊತ್ತಿಗೇ ಎದುರಿಗೆ ಬಂದ ಬಸ್ಸೊಂದು ಮುಖದ ತುಂಬ ಧೂಳು ಉಗ್ಗಿ ಹೋಯಿತು. ಆ ಬಸ್ಸಿಗೂ ಅದರಲ್ಲಿ ಕೂತವರಿಗೂ ಬಾಯಿಗೆ ಬಂದಂತೆ ಬೈದೆ.

ಅಣ್ಣನ ಮನೆಯ ಅಂಗಳದಲ್ಲಿ ಬೇವಿನ ಮರಕ್ಕೆ ಹೊಸ ಹಗ್ಗದ ಜೋಕಾಲಿ ಕಟ್ಟಿತ್ತು. ಅತ್ತಿಗೆ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಬಂದವಳು ನನ್ನನ್ನು ಕಂಡು ಬಾಯಿ ಮೇಲೆ ಕೈ ಇಟ್ಟುಕೊಂಡಳು. “ಅಯ್ಯ ಶಿವನ! ನಿನ್ನ ಕರಿಯಾಕ ಅಂತ ನಿಮ್ಮಣ್ಣಾರು ಮುಂಜಾನಿ ಬಸ್ಸಿಗೆ ಕೊಪ್ಪಳಕ್ಕ ಹೋಗ್ಯಾರಲ್ಲವಾ!”

ನಾನು ಜೋಕಾಲಿಯ ಮೇಲೆ ಕೂತುಬಿಟ್ಟೆ. ಅತ್ತಿಗೆ ಒಂದೇ ಉಸಿರಿಗೆ ಹೇಳಿದಳು: “ಮೂರು ವರ್ಷದಿಂದ ಜೋಕಾಲಿ ಕಟ್ಟಿದ್ದಿಲ್ಲ. ನಿನ್ನೆ ಕಟ್ಟಿದ್ರು. ಕಟ್ಟಿ, ಖಾಲಿ ಜೋಕಾಲಿ ನೋಡಕೋತ ಭಾಳೊತ್ತು ನಿಂತ್ರು. ಮುಂಜಾನೆದ್ದು ಬುಟ್ಟಿ ತುಂಬು ಅಂದ್ರು.” ನಾನು ಬೈದ ಬಸ್ಸಿನಲ್ಲಿ ಕೂತಿದ್ದವನು ನನ್ನ ಅಣ್ಣ.

ಅಲ್ಲೇ ಕೂತು ಫೋನ್ ಹಚ್ಚಿದೆ. ಆ ಕಡೆಯಿಂದ ಮೊದಲು ಟಿ.ವಿ.ಯ ಪೀಪಿ ಸಂಗೀತ ಕೇಳಿಸಿತು, ಆಮೇಲೆ ಅಣ್ಣನ ದನಿ.

“ಮುಟ್ಟಿದೇನು? ಗಾಡಿ ಹೊಡಿಯೋ ಮುಂದ ಫೋನ್ ಮಾಡಬಾರದಂತ ಸುಮ್ನ ಕುಂತಿದ್ದೆ. ನಿನ್ನ ಮಗಳು ಅದೇನೋ ತೋರ್ಸಾಕ ಹತ್ಯಾಳ. ಒಂದು ಕಂತು ನೋಡಿದೆ.”

“ಹೆಂಗೈತಿ?” ಎಂದೆ. ಮೂರು ವರ್ಷದ ಮೇಲೆ ಆಡಿದ ಮೊದಲ ನಿಜವಾದ ಮಾತು ಅದು.

ಅವನು ಟಿ.ವಿ.ಯ ದನಿ ಸಣ್ಣದು ಮಾಡಿಸಿದ. “ಆ ಹುಡುಗ ಸುಳ್ಳು ಹೇಳ್ತಾನ ತಂಗೆವ್ವಾ. ಅಕ್ಕ ಕಳದಾಳ ಅಂತಾನ. ಕಳದಾವ ಅವನ.” ಅಷ್ಟಕ್ಕೇ ಬಿಡಲಿಲ್ಲ. “ಹುಲಿಗ್ಯಾಗೂ ಹಂಗ. ನೀ ನಿಂತಲ್ಲೇ ನಿಂತಿದ್ದಿ. ಕಳದಾವ ನಾನ.”

ಮೂವತ್ತೆಂಟು ವರ್ಷದ ದಾವೆ ಒಂದು ಕ್ಷಣದಲ್ಲಿ ಗೆದ್ದೆ. ಗೆದ್ದ ಖುಷಿಗೆ ಅತ್ತಿಗೆಯ ಸೆರಗಿನಲ್ಲೇ ಕಣ್ಣೊರೆಸಿಕೊಂಡೆ. “ಅಲ್ಲೇ ಇರವಾ, ನಾ ಮುಂದಿನ ಬಸ್ಸಿಗೆ ಬರ್ತೀನಿ” ಎಂದ ಅವನು.

“ಬ್ಯಾಡ. ಕಳದಾವ ನೀನು. ನಿಂತ ಜಾಗ ಬಿಡಬ್ಯಾಡ. ನಾ ಬಂದು ಹುಡಕ್ತೀನಿ” ಎಂದೆ.

ಜೋಕಾಲಿಯನ್ನು ಎರಡು ಸಲ ಜೋರಾಗಿ ಜೀಕಿ, ಅತ್ತಿಗೆ ಕೊಟ್ಟ ಚಹಾ ನಿಂತೇ ಕುಡಿದು, ಸ್ಕೂಟಿ ತಿರುಗಿಸಿದೆ. ಬಂದ ದಾರಿಯಲ್ಲೇ ಮರಳಿ ಹೋಗುತ್ತಿದ್ದೆ, ಆದರೆ ಈ ಸಲ ಎದುರಿಗೆ ಬಂದ ಪ್ರತಿ ಬಸ್ಸಿಗೂ ನಗುತ್ತಾ ದಾರಿ ಬಿಟ್ಟೆ.

ನಮ್ಮ ಓಣಿಗೆ ತಿರುಗುವಷ್ಟರಲ್ಲೇ ಕಂಡ. ಗೇಟಿನ ಮುಂದೆ, ಬಿಳಿ ಅಂಗಿ ಹಾಕಿಕೊಂಡು, ಒಂದು ಕೈಯಲ್ಲಿ ಸೀರೆಯ ಬುಟ್ಟಿ, ಇನ್ನೊಂದು ಮುಷ್ಟಿಯಲ್ಲಿ ಮಂಡಕ್ಕಿ. ಕೂದಲು ಅರ್ಧ ಬೆಳ್ಳಗಾಗಿದೆ. ಒಳಗಿನಿಂದ ಅತ್ತೆ ಕೂಗುತ್ತಿದ್ದರು: “ನೋಡವಾ, ನಿಮ್ಮಣ್ಣನ ಹುಚ್ಚಾಟ! ತಾಸೊಪ್ಪತ್ತಾತು, ಒಳಗ ಬರ್ರಿ ಬೀಗರ ಅಂದ್ರ ಬರವಲ್ರು. ನಿಂತ ಜಾಗ ಬಿಟ್ರ ನಮ್ಮ ತಂಗಿ ಬೈತಾಳ ಅಂತಾರ. ಕಡೀ ಕಂತರ ನೋಡ್ರಿ ಅಂದ್ರ, ಅಕಿ ಬರ್ಲಿ ಅಂತಾರ.”

“ನಡಿ ತಂಗೆವ್ವಾ” ಎಂದ ಅಣ್ಣ.

ಗಾಡಿ ನಿಲ್ಲಿಸಿದವಳೇ ಅವನ ಅಂಗಿಯ ಚುಂಗು ಹಿಡಿದುಕೊಂಡೆ. ಓಣಿಯ ಹೆಂಗಸರೆಲ್ಲ ರೊಟ್ಟಿಯ ಬುಟ್ಟಿ ಹಿಡಿದು ನೋಡುತ್ತಿದ್ದರು. ಅಪ್ಪ ಅಂದು ಹೊಳೆಯ ದಂಡೆಗೆ ಕೇಳುವ ಹಾಗೆ ಕೂಗಿದ್ದನಲ್ಲ, ಅಷ್ಟೇ ಗಟ್ಟಿಯಾಗಿ ನಾನೂ ಒಳಗೆ ಕೂಗಿದೆ:

“ಅತ್ತೀ, ನಮ್ಮಣ್ಣ ಸಿಕ್ಕಾನ್ರೀ!”